ಐದನೇ ಪಿನ್ನಿನ ಕಿಲುಬು

ಕೊರೊನಾ ನಿರ್ಬಂಧಗಳೆಲ್ಲ ಮುಗಿದು, ಜನ ಮಾಸ್ಕನ್ನು ಮರೆತುಬಿಟ್ಟಿದ್ದ ವರ್ಷದ ಮಳೆಗಾಲ. ನಾನು ಆಗ ಹಾಲು ಪರೀಕ್ಷೆ ಮಾಡುವ ಯಂತ್ರಗಳನ್ನು ಮಾರಿ, ದುರಸ್ತಿಯನ್ನೂ ನೋಡಿಕೊಳ್ಳುವ ಒಂದು ಖಾಸಗಿ ಸಂಸ್ಥೆಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಇಂಜಿನಿಯರ್ ಎನ್ನುವುದು ವಿಸಿಟಿಂಗ್ ಕಾರ್ಡಿನ ಮೇಲಿದ್ದ ಮಾತು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಮನೆ ಕುಮಟಾದಲ್ಲಿ. ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ತಾಲ್ಲೂಕುಗಳ ಹಳ್ಳಿ ಡೇರಿಗಳೆಲ್ಲ ನನ್ನ ಸುಪರ್ದಿಗೆ ಬರುತ್ತಿದ್ದವು. ಬೈಕಿನ ಹಿಂದೆ ಒಂದು ಕಪ್ಪು ಚೀಲ, ಅದರಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್, ವಿದ್ಯುತ್ ಜೋಡಣೆ ಅಳೆಯುವ ಮಲ್ಟಿಮೀಟರ್, ಒಂದಿಷ್ಟು ಬಿಡಿಭಾಗ. ಇಪ್ಪತ್ತಾರು ವರ್ಷ ನನ್ನ ಬದುಕು ಹೀಗೇ ನಡೆಯಿತು.

ನಮ್ಮ ಸಂಸ್ಥೆಯಲ್ಲಿ ಒಂದು ಪದ್ಧತಿ ಇತ್ತು. ದುರಸ್ತಿಯಾದ ಯಂತ್ರದ ಬಗ್ಗೆ ತಿಂಗಳೊಳಗೆ ಮತ್ತೆ ದೂರು ಬಂದರೆ, ಇಲ್ಲವೇ ಅದೇ ಯಂತ್ರಕ್ಕೆ ಮತ್ತೆ ಹೋಗಬೇಕಾಗಿ ಬಂದರೆ, ಅದನ್ನು 'ರಿಪೀಟ್ ಕಾಲ್' ಎಂದು ಇಂಜಿನಿಯರ್ ಹೆಸರಿನ ಮುಂದೆ ಬರೆಯುತ್ತಿದ್ದರು. ಎರಡು ವರ್ಷ ನನ್ನ ಹೆಸರಿನ ಮುಂದೆ ಒಂದೂ ಇರಲಿಲ್ಲ. ವಾರ್ಷಿಕ ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ್ದರು. ಹೊಗಳಿಸಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ಮುಂದೆ ನಡೆದದ್ದಕ್ಕೆ ಆ ಚಪ್ಪಾಳೆಯೂ ಒಂದು ಕಾರಣ.

ಹೊನ್ನಾವರದಿಂದ ಕರ್ಕಿಯ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ಒಂದು ಸಣ್ಣ ಊರು. ಹೆಸರು ಬರೆಯುವುದಿಲ್ಲ, ಆ ಊರಿನವರಿಗೆ ನನ್ನಿಂದ ಆದದ್ದು ಸಾಕು. ಅಲ್ಲಿನ ಡೇರಿ ಎಂದರೆ ಹಂಚಿನ ಮಾಡಿನ ಒಂದೇ ಕೋಣೆ, ಒಂದು ಮೇಜು, ತೂಕದ ಯಂತ್ರ, ಅದರ ಪಕ್ಕದಲ್ಲಿ ನಾವು ಕೊಟ್ಟ ಮಿಲ್ಕ್ ಅನಲೈಸರ್. ಹಾಲು ಹಾಕುವವರು ಅರವತ್ತರ ಸುಮಾರು ಮನೆಯವರು. ಸೆಕ್ರೆಟರಿ ಸುಬ್ರಾಯ ಎಂಬವರು, ಐವತ್ತು ದಾಟಿದ, ಒಳ್ಳೆಯ ಅಕ್ಷರದ ಮನುಷ್ಯ.

ಯಂತ್ರದ ಬಗ್ಗೆ ಎರಡು ಮಾತು ಹೇಳಬೇಕು. ಸಣ್ಣ ಲೋಟದಲ್ಲಿ ಹಾಲಿಟ್ಟರೆ ಅದು ಕೊಳವೆಯಿಂದ ಎಳೆದುಕೊಂಡು, ಒಳಗೆ ಬಿಸಿ ಮಾಡಿ, ನಮ್ಮ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದವನ್ನು ಹಾಲಿನೊಳಗೆ ಹಾಯಿಸಿ, ಒಂದು ನಿಮಿಷದೊಳಗೆ ಲೆಕ್ಕ ಹೇಳುತ್ತದೆ. ಕೊಬ್ಬು ಎಷ್ಟು, ಕೊಬ್ಬು ಬಿಟ್ಟು ಉಳಿದ ಘನಾಂಶ ಎಷ್ಟು (ಇದನ್ನೇ ಎಸ್‌ಎನ್‌ಎಫ್ ಎನ್ನುವುದು), ನೀರು ಬೆರೆತಿದ್ದರೆ ಅದೆಷ್ಟು. ಈ ಲೆಕ್ಕಕ್ಕೆಲ್ಲ ಹಾಲಿನ ಉಷ್ಣಾಂಶ ಸರಿಯಾಗಿ ತಿಳಿಯಬೇಕು. ಉಷ್ಣಾಂಶ ಅಳೆಯುವ ಸೆನ್ಸರಿನಿಂದ ಬಂದ ತಂತಿಗಳು ಎಂಟು ಪಿನ್ನುಗಳ ಒಂದು ಕನೆಕ್ಟರ್ ಮೂಲಕ ಮುಖ್ಯ ಬೋರ್ಡಿಗೆ ಸೇರುತ್ತವೆ. ಪಿನ್ ಎಂದರೆ ಭತ್ತದ ಕಾಳಿನಷ್ಟೂ ಉದ್ದವಿಲ್ಲದ ಲೋಹದ ಕಡ್ಡಿ.

ಜುಲೈ ತಿಂಗಳಲ್ಲಿ ಸುಬ್ರಾಯರ ಫೋನು ಬಂತು.

"ಇಂಜಿನಿಯರ್ರೆ, ಒಂದು ಸಲ ಬಂದು ಮಿಷನ್ ನೋಡಿ ಹೋಗಿ. ಮಾದೇವಕ್ಕನ ಹಾಲಿಗೆ ದಿನಾ ನೀರು ತೋರಿಸ್ತದೆ. ಅವರು ನಾವು ಹಾಕುದಿಲ್ಲ ಹೇಳ್ತಾರೆ."

"ಬೇರೆಯವರ ಹಾಲಿಗೆ?"

"ಬೇರೆಯವ್ರದ್ದು ಎಲ್ಲಾ ಸರಿ ಅದೆ ಮಾರಾಯ್ರೆ. ಅವರದ್ದು ಒಂದೇ."

ಮಾದೇವಿ ಆ ಡೇರಿಯ ಮೊದಲ ಸದಸ್ಯರಲ್ಲಿ ಒಬ್ಬರು. ಡೇರಿ ಬೇಕೆಂದು ಮನೆಮನೆಗೆ ಹೋಗಿ ಸಹಿ ಹಾಕಿಸಿದ್ದು ಅವರೇ. ಯಂತ್ರ ತರಿಸಿ ಎಂದು ಹಟ ಹಿಡಿದದ್ದೂ ಅವರೇ ಎಂದು ಆಮೇಲೆ ತಿಳಿಯಿತು. ಎರಡು ದನ. ಹಾಲು ಕರೆಯುವುದು ಸೊಸೆ ಸುಜಾತಾ, ಡೇರಿಗೆ ಒಯ್ಯುವುದು ಮಾದೇವಿ. ಮಗ ಗೋವಾದಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುವವನು. ಮನೆ ಡೇರಿಯ ಬೆನ್ನಿಗೇ ಇದ್ದುದರಿಂದ ಬೆಳಿಗ್ಗೆ ಆರಕ್ಕೆ ಸುಬ್ರಾಯ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಮೊದಲಿಗೆ ನಿಂತಿರುತ್ತಿದ್ದವರು ಅವರೇ. ಸಂಜೆಯ ಹಾಲು ಅಕ್ಕಪಕ್ಕದ ಮನೆಗಳಿಗೆ ಹೋಗುತ್ತಿತ್ತು. ಡೇರಿಗೆ ಬರುತ್ತಿದ್ದುದು ಬೆಳಗಿನದ್ದು ಮಾತ್ರ. ಇದೆಲ್ಲವನ್ನೂ ನಾನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಬೇಕಿತ್ತು. ಕೇಳಲಿಲ್ಲ.

ನಾನು ಹೋದದ್ದು ಒಂದು ಶನಿವಾರ, ಬೆಳಿಗ್ಗೆ ಹತ್ತೂವರೆಗೆ. ಯಂತ್ರ ಆರು ಗಂಟೆಯಿಂದ ಚಾಲೂ ಇತ್ತು. ಮಾದೇವಿಯ ಮನೆಯ ಹಾಲನ್ನು ನನ್ನೆದುರಿಗೇ ಪರೀಕ್ಷಿಸಬೇಕೆಂದು ಸುಬ್ರಾಯ ಹೇಳಿಕಳಿಸಿದ್ದರಿಂದ ಸುಜಾತಾ ಒಂದು ಸಣ್ಣ ಕ್ಯಾನಿನಲ್ಲಿ ಹಾಲು ತಂದಿದ್ದಳು. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ, ತೀರ ಮೆಲ್ಲಗೆ ಮಾತಾಡುವವಳು. ನಾನು ಯಂತ್ರ ಆರಿಸಿ, ಹಿಂದಿನ ಮುಚ್ಚಳ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದೆ. ಕನೆಕ್ಟರನ್ನು ಎಳೆದಾಗ ಐದನೇ ಪಿನ್ನಿನ ಬುಡದಲ್ಲಿ ಕಿಲುಬು ಕಂಡಿತು. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಉಳಿದರೆ ಹಿಡಿಯುತ್ತದಲ್ಲ, ಅಂಥದೇ ಹಸಿರು. ಕಡಲತಡಿಯ ಉಪ್ಪುಗಾಳಿ, ಯಂತ್ರ ತೊಳೆಯುವ ದ್ರಾವಣದ ಹಬೆ, ಎರಡೂ ಸೇರಿದರೆ ಹೀಗಾಗುವುದುಂಟು. ಪಿನ್ನು ಒಂದು ಬದಿಗೆ ಕೊಂಚ ವಾಲಿಯೂ ಇತ್ತು.

ಪಕ್ಕದಲ್ಲಿ ನಿಂತಿದ್ದ ಸುಜಾತಾ ಬಗ್ಗಿ ನೋಡಿ ಕೇಳಿದಳು. "ಅದೆಂತ ಸರ್, ಹಸರು?"

"ಎಂತ ಇಲ್ಲ. ಹಳೇ ಮಿಷನ್ನಲ್ಲಿ ಅದು ಹಾಗೇ ಇರ್ತದೆ," ಎಂದೆ.

ಚಿಮಟದಿಂದ ಪಿನ್ನನ್ನು ನೆಟ್ಟಗೆ ಮಾಡಿದೆ. ಕಿಲುಬನ್ನು ಬ್ರಶ್ಶಿನಿಂದ ಉಜ್ಜಿ, ಕನೆಕ್ಟರನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದೆ. ಬಗ್ಗಿದ ಪಿನ್ನನ್ನು ನೆಟ್ಟಗೆ ಮಾಡಿದರೆ ಬುಡದ ಬೆಸುಗೆ ಸಡಿಲವಾಗುತ್ತದೆ ಎಂಬುದು ಈ ಕೆಲಸದ ಮೊದಲ ವರ್ಷದಲ್ಲೇ ಕಲಿಯುವ ಸಂಗತಿ. ಕಿಲುಬು ಹಿಡಿದ ಕನೆಕ್ಟರನ್ನು ಬದಲಿಸಬೇಕೇ ಹೊರತು ಉಜ್ಜಬಾರದು. ನನಗೆ ಎರಡೂ ಗೊತ್ತಿತ್ತು. ಎಂಟು ಪಿನ್ನಿನ ಕನೆಕ್ಟರ್ ಅವತ್ತು ನನ್ನ ಚೀಲದಲ್ಲಿ ಇರಲಿಲ್ಲ. ತರಿಸಿಕೊಂಡು ಮತ್ತೆ ಬರಬೇಕಿತ್ತು. ಮತ್ತೆ ಬಂದರೆ ಅದು ರಿಪೀಟ್ ಕಾಲ್.

ಮುಚ್ಚಳ ಹಾಕಿ ಯಂತ್ರ ಚಾಲೂ ಮಾಡಿ ಸುಜಾತಾ ತಂದ ಹಾಲು ಇಟ್ಟೆ. ಎಸ್‌ಎನ್‌ಎಫ್ ಎಂಟೂವರೆ. ನೀರು ಸೊನ್ನೆ. ಆ ಹುಡುಗಿಯ ಮುಖ ಅರಳಿತು.

"ಕಂಡ್ರಾ, ಸರಿ ಬಂತಲ್ಲ!"

ಸುಬ್ರಾಯ ಕನ್ನಡಕದ ಮೇಲಿಂದ ನೋಡುತ್ತ, "ಇಂಜಿನಿಯರ್ರು ಎದ್ರಿಗೆ ಕೂತ್ರೆ ಹಾಲು ಸರೀನೇ ಬತ್ತದೆ," ಎಂದರು.

ಬಾಗಿಲಲ್ಲಿ ನಿಂತಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ಈಗಲೂ ಆ ನಗು ನೆನಪಾದರೆ ಮೈ ಹಿಡಿಯಾಗುತ್ತದೆ.

ಆಮೇಲೆ ಸರ್ವಿಸ್ ರಿಪೋರ್ಟ್ ಬರೆದೆ. ಮೂರು ಪ್ರತಿ, ಒಂದು ಡೇರಿಗೆ, ಒಂದು ದೂರು ಕೊಟ್ಟ ಸದಸ್ಯರಿಗೆ, ಒಂದು ನಮ್ಮ ಆಫೀಸಿಗೆ. 'ಯಂತ್ರವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಯಾವುದೇ ದೋಷ ಕಂಡುಬಂದಿಲ್ಲ. ಯಂತ್ರ ಸುಸ್ಥಿತಿಯಲ್ಲಿದೆ.' ಕೆಳಗೆ ಸಹಿ, ಸೀಲು. ಹನ್ನೆರಡೂವರೆಗೆ ಹೊನ್ನಾವರದಲ್ಲಿ ಊಟ ಮಾಡಿ ಇನ್ನೊಂದು ಡೇರಿಗೆ ಹೋದೆ. ನನ್ನ ಮಟ್ಟಿಗೆ ಅದು ಅಲ್ಲಿಗೆ ಮುಗಿದಿತ್ತು.

ಸೆಪ್ಟೆಂಬರ್ ಮಧ್ಯದಲ್ಲಿ ಮತ್ತೆ ಸುಬ್ರಾಯರ ಫೋನು ಬಂತು. ಈ ಸಲ ದನಿಯಲ್ಲಿ ಗಾಬರಿ ಇತ್ತು.

"ಮಿಷನ್ ಹಾಳಾಗದೆ. ನಮ್ಮ ಡೇರಿ ಅಧ್ಯಕ್ಷರ ಹಾಲಿಗೆ ಮೂರು ದಿನದಿಂದ ನೀರು ತೋರಿಸ್ತದೆ. ನಾಳೆ ಬರ್ಲೇಬೇಕು."

"ಅವರು ಎಷ್ಟೊತ್ತಿಗೆ ಹಾಲು ತರುತ್ತಾರೆ?"

"ಈಗೀಗ ಎಲ್ಲರಿಗಿಂತ ಮೊದಲು ಅವರದ್ದೇ. ಮಾದೇವಕ್ಕ ಬರುದು ನಿಂತ ಮೇಲೆ ಸುಮಾರು ದಿನ ಆರೂವರೆ ತನಕ ಯಾರೂ ಬತ್ತಿರ್ಲಿಲ್ಲ. ಈಗ ಅಧ್ಯಕ್ಷರ ಆಳು ಆರಕ್ಕೇ ತಂದಿಡ್ತಾನೆ."

ಮಾದೇವಕ್ಕ ಬರುವುದು ಏಕೆ ನಿಂತಿತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಫೋನು ಇಡುವ ಹೊತ್ತಿಗೆ ನನಗೆ ಎಲ್ಲ ಅರ್ಥವಾಗಿತ್ತು. ದೋಷ ಹಾಲಿನಲ್ಲಿಲ್ಲ, ಹಾಲು ತಂದವರಲ್ಲಿಲ್ಲ. ಯಂತ್ರ ತಣ್ಣಗಿರುವಾಗ ಯಾರು ಮೊದಲು ಬಂದರೋ ಅವರ ಹಾಲಿಗೆ ನೀರು ಬರುತ್ತದೆ. ನಾನು ನೋಡಿದ್ದು ನಾಲ್ಕೂವರೆ ತಾಸು ಓಡಿ ಬಿಸಿಯಾಗಿದ್ದ ಯಂತ್ರವನ್ನು.

ಮಾರನೆಯ ದಿನ ಕುಮಟಾದಿಂದ ನಸುಕಿನಲ್ಲೇ ಹೊರಟು, ಐದೂಮುಕ್ಕಾಲಿಗೆ ಡೇರಿಯ ಬಾಗಿಲಲ್ಲಿದ್ದೆ. ಸುಬ್ರಾಯರ ಮನೆಯದೇ ಹಾಲು ತರಿಸಿ ಒಂದು ಪಾತ್ರೆಯಲ್ಲಿಟ್ಟುಕೊಂಡೆ. ಯಂತ್ರ ಚಾಲೂ ಮಾಡಿ ಐದನೇ ನಿಮಿಷಕ್ಕೆ ಮೊದಲ ಲೋಟ ಇಟ್ಟೆ. ಎಸ್‌ಎನ್‌ಎಫ್ ಏಳು ಪಾಯಿಂಟ್ ಆರು, ನೀರು ಶೇಕಡಾ ಹತ್ತು. ಹತ್ತನೇ ನಿಮಿಷಕ್ಕೆ ಏಳು ಪಾಯಿಂಟ್ ಏಳು. ಹದಿನಾರನೇ ನಿಮಿಷಕ್ಕೆ ಎಂಟು ಪಾಯಿಂಟ್ ಒಂದು. ಇಪ್ಪತ್ತೆರಡನೇ ನಿಮಿಷಕ್ಕೆ ಎಂಟೂವರೆ, ನೀರು ಸೊನ್ನೆ. ಆಮೇಲೆ ಎಷ್ಟು ಸಲ ಇಟ್ಟರೂ ಅದೇ. ಒಂದೇ ದನದ, ಒಂದೇ ಪಾತ್ರೆಯ ಹಾಲು. ಸುಬ್ರಾಯ ನಾಲ್ಕೂ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಆ ಚೀಟಿಯನ್ನೇ ನೋಡುತ್ತ ಕೂತುಬಿಟ್ಟರು. ಸಂಜೆ ಏಕೆ ಹೀಗಾಗುತ್ತಿರಲಿಲ್ಲ ಎಂದು ಕೇಳಿದೆ. ಸಂಜೆ ಹಿಂಡಿ ಹಂಚುವ ಕೆಲಸ ಇರುವುದರಿಂದ ಅವರು ಮುಕ್ಕಾಲು ಗಂಟೆ ಮೊದಲೇ ಬಂದು ಸ್ವಿಚ್ ಹಾಕುತ್ತಿದ್ದರಂತೆ. ಹಾಲಿನ ಗಟ್ಟಿತನ ಅಳೆಯುವ ಹಳೆಯ ಗಾಜಿನ ಲ್ಯಾಕ್ಟೋಮೀಟರ್ ಇದ್ದಿದ್ದರೆ ಸಂಶಯ ಬಂದ ದಿನವೇ ತಾಳೆ ನೋಡಬಹುದಿತ್ತು. ಅದು ಒಡೆದು ವರ್ಷವಾಗಿತ್ತು. ಯಂತ್ರ ಇದೆಯಲ್ಲ ಎಂದು ಯಾರೂ ಹೊಸದು ತರಿಸಿರಲಿಲ್ಲ.

ಎಲ್ಲರ ಹಾಲು ಆದ ಮೇಲೆ ಯಂತ್ರ ಆರಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು ಬಿಚ್ಚಿದೆ. ಮಲ್ಟಿಮೀಟರಿನ ಒಂದು ತುದಿಯನ್ನು ಐದನೇ ಪಿನ್ನಿನ ತಲೆಗೆ, ಇನ್ನೊಂದನ್ನು ಬೋರ್ಡಿನಲ್ಲಿ ಅದು ಸೇರಬೇಕಾದ ಜಾಗಕ್ಕೆ ಹಿಡಿದೆ. ಜೋಡಣೆ ಸರಿಯಿದ್ದರೆ ಮೀಟರು ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಹದಿನೆಂಟು ಓಮ್ ತೋರಿಸಿತು. ಚಿಮಟದಿಂದ ಮುಟ್ಟಿದರೆ ನಲವತ್ತಕ್ಕೆ ಏರಿತು. ಬಿಸಿಗಾಳಿ ಹಾಯಿಸಿದಾಗ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಂತು. ಅಂದರೆ ಬಿಸಿಯಾದಾಗ ಲೋಹ ಹಿಗ್ಗಿ ಬಿರುಕು ಕೂಡಿಕೊಳ್ಳುತ್ತಿತ್ತು, ತಣಿದಾಗ ಬಿಡುತ್ತಿತ್ತು. ಬಿಟ್ಟಾಗ ಹಾಲಿನ ಉಷ್ಣಾಂಶವನ್ನು ಬೋರ್ಡು ತಪ್ಪಾಗಿ ತಿಳಿದುಕೊಂಡು, ಇಲ್ಲದ ನೀರನ್ನು ಲೆಕ್ಕ ಹಾಕುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನಿನ ಬುಡದ ಸುತ್ತ ಕೂದಲೆಳೆಯಂಥ ಉಂಗುರ. ನಾನು ಜುಲೈಯಲ್ಲಿ ನೆಟ್ಟಗೆ ಮಾಡಿದ್ದರಿಂದ ಅದು ಇನ್ನಷ್ಟು ಬಾಯಿ ಬಿಟ್ಟಿತ್ತು.

ಬದಲಿಸುವುದು ಕಷ್ಟವಲ್ಲ. ತಂತಿಗಳ ಕ್ರಮ ತಪ್ಪದಿರಲೆಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಹಳೆಯ ಕನೆಕ್ಟರಿನ ಪ್ಲಾಸ್ಟಿಕ್ಕನ್ನು ಕತ್ತರಿಸಿ ಪಿನ್ನುಗಳನ್ನು ಬಿಡಿಬಿಡಿಯಾಗಿಸಿ, ಒಂದೊಂದಕ್ಕೂ ಐರನ್ ತಾಗಿಸಿ ಬೆಸುಗೆ ಕರಗಿಸಿ ಎಳೆದೆ. ಐದನೆಯದಕ್ಕೆ ಬಿಸಿಯೇ ಬೇಕಾಗಲಿಲ್ಲ, ಚಿಮಟ ಹಾಕಿದ ಕೂಡಲೇ ಕೈಗೆ ಬಂತು. ರಂಧ್ರಗಳಲ್ಲಿ ಉಳಿದ ಬೆಸುಗೆಯನ್ನು ತಾಮ್ರದ ಪಟ್ಟಿಯಿಂದ ಹೀರಿಸಿ, ಚಿನ್ನದ ಲೇಪವಿರುವ ಹೊಸ ಪಿನ್ನುಗಳ ಸಾಲು ಕೂರಿಸಿ ಬೆಸೆದೆ. ತಂತಿಯ ಕಡೆಯ ಎಂಟು ತುದಿಗಳಿಗೂ ಹೊಸ ಟರ್ಮಿನಲ್ ಒತ್ತಿದೆ. ಸ್ಪಿರಿಟ್ಟಿನಿಂದ ಒರೆಸಿ, ಒಂದೊಂದು ಪಿನ್ನನ್ನೂ ಮೀಟರಿನಲ್ಲಿ ನೋಡಿದೆ. ಎಲ್ಲ ಸೇರಿ ನಲವತ್ತು ನಿಮಿಷ. ಜುಲೈಯಲ್ಲಿ ಇಷ್ಟೇ ಕೆಲಸವಿತ್ತು.

ಅಷ್ಟು ಹೊತ್ತು ಸುಬ್ರಾಯ ಎದುರಿನ ಬೆಂಚಿನಲ್ಲಿ ಕೂತು, ನಡೆದದ್ದನ್ನು ಒಂದೊಂದಾಗಿ ಹೇಳಿದರು. ನಾನು ಬಂದುಹೋದ ಮೇಲೆ ಹತ್ತು ಹನ್ನೆರಡು ದಿನ ಮಾದೇವಿಯ ಹಾಲು ಸರಿ ಬಂತಂತೆ. ನನ್ನ ಹೆಬ್ಬೆರಳಿನ ಒತ್ತು ತಾಳಿದ್ದು ಅಷ್ಟೇ ದಿನ. ಆಮೇಲೆ ಮತ್ತೆ ನೀರು. ಊರಿನವರು ಅದಕ್ಕೆ ತಮ್ಮದೇ ಅರ್ಥ ಕೊಟ್ಟರು: ಇಂಜಿನಿಯರ್ ಬಂದ ಹೆದರಿಕೆಗೆ ನೀರು ಹಾಕುವುದನ್ನು ಬಿಟ್ಟಿದ್ದರು, ಹೆದರಿಕೆ ಕಳೆದ ಮೇಲೆ ಮತ್ತೆ ಶುರುಮಾಡಿದರು. ಆಗಸ್ಟಿನ ಮೊದಲ ವಾರ ಡೇರಿಯ ಕಮಿಟಿ ಸಭೆ ಸೇರಿತು. ನನ್ನ ರಿಪೋರ್ಟನ್ನು ಎಲ್ಲರೆದುರಿಗೆ ಓದಿದರು. ಮಾದೇವಿ ಎದ್ದು ನಿಂತು, "ಮಿಷನ್ ಸರಿ ಇದ್ರೆ ನನ್ನ ಹತ್ರ ಹೇಳುಕೆ ಎಂತ ಇಲ್ಲ," ಎಂದಷ್ಟೇ ಹೇಳಿ ಹೊರಗೆ ಹೋದರಂತೆ. ಅವರ ಹಾಲನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು.

"ಓದ್ದವ ನಾನೇ," ಎಂದರು ಸುಬ್ರಾಯ.

"ಜುಲೈಯಲ್ಲೇ ನಾನು ಈ ಪಿನ್ನು ನೋಡಿದ್ದೆ," ಎಂದೆ.

ಅವರು ಎದ್ದು ಬಾಗಿಲಾಚೆ ಒಮ್ಮೆ ನೋಡಿ ಬಂದರು. ಆಮೇಲೆ ದನಿ ತಗ್ಗಿಸಿದರು. "ಅದ್ನ ಬರೀಬೇಡಿ ಮಾರಾಯ್ರೆ. ಈಗ ಹಾಳಾಗಿತ್ತು, ಈಗ ಸರಿ ಮಾಡ್ದೆ ಹೇಳಿ ಬರೀರಿ. ಹಿಂದಿನದ್ದು ಬರೆದ್ರೆ ನಿಮಗೂ ಕಷ್ಟ, ಕಮಿಟಿಗೂ ಕಷ್ಟ. ಮಾದೇವಕ್ಕನ್ನ ನಾವೇ ಹೋಗಿ ಕರೀತೇವೆ."

ಇಲ್ಲಿ ನಾನು 'ಆಗುವುದಿಲ್ಲ' ಎಂದೆ ಎಂದು ಬರೆಯಬೇಕೆಂಬ ಆಸೆ ಬಹಳ ಇದೆ. ನಾನು ರಿಪೋರ್ಟ್ ಪುಸ್ತಕ ತೆಗೆದು 'ಕನೆಕ್ಟರಿನ ಐದನೇ ಪಿನ್ ಹಾಳಾಗಿತ್ತು, ಬದಲಿಸಲಾಗಿದೆ' ಎಂದು ಬರೆದೆ. ಎಂದಿನಿಂದ ಹಾಳಾಗಿತ್ತು ಎಂಬುದಿಲ್ಲ. ಸುಳ್ಳಲ್ಲ, ನಿಜವೂ ಅಲ್ಲ. ಸಹಿ ಹಾಕುತ್ತಿರುವಾಗ ಬಾಗಿಲಲ್ಲಿ ನೆರಳಾಯಿತು.

ಮಾದೇವಿ ಬಂದಿದ್ದರು. ಐವತ್ತರ ಸುಮಾರಿನ ಗಟ್ಟಿ ಹೆಂಗಸು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು, ಕೆಲಸದ ನಡುವೆ ಎದ್ದು ಬಂದವರ ಹಾಗೆ. ಮೆಟ್ಟಿಲು ಹತ್ತಲಿಲ್ಲ, ಅಂಗಳದಲ್ಲೇ ನಿಂತರು.

"ಮಿಷನ್ ಹಾಳಾಗಿತ್ತಂತೆ, ಹೌದಾ?"

"ಹೌದು," ಎಂದೆ.

"ಯಾವಾಗಿಂದ?"

ಸುಬ್ರಾಯ ನನಗಿಂತ ಮೊದಲೇ ಬಾಯಿ ಹಾಕಿದರು. "ನಾಲ್ಕು ದಿನ ಆತು ಮಾದೇವಕ್ಕ. ನೀ ಒಳಗೆ ಬಾ, ಕೂತ್ಕೊ."

ಅವರು ಸುಬ್ರಾಯರ ಕಡೆ ತಿರುಗಲೇ ಇಲ್ಲ. "ನಾ ಕೇಳಿದ್ದು ಇವ್ರ ಹತ್ರ."

ಬರೆದ ರಿಪೋರ್ಟು ನನ್ನ ಕೈಯಲ್ಲೇ ಇತ್ತು. ಅದನ್ನು ಅವರಿಗೆ ಕೊಟ್ಟು ಹೊರಟುಹೋಗಬಹುದಿತ್ತು. "ಜುಲೈಯಲ್ಲಿ ನಾನು ಬಂದಾಗಲೂ ಹಾಳಾಗಿತ್ತು," ಎಂದೆ. "ನನ್ನ ಕಣ್ಣಿಗೆ ಬಿದ್ದಿತ್ತು. ನಾನು ಬರೆಯಲಿಲ್ಲ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಹಂಗಾದ್ರೆ ಹಾಲಿಗೆ ಯಾರೂ ನೀರು ಹಾಕ್ಲಿಲ್ಲ?"

"ಯಾರೂ ಹಾಕಿಲ್ಲ."

"ನಮ್ಮನೇಲೂ ಯಾರೂ ಹಾಕ್ಲಿಲ್ಲ?"

ಈ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಮಿಷನ್ನಿಗೆ ಮೋರೆ ನೋಡಿ ಮಾತಾಡುಕೆ ಬರುದಿಲ್ಲ ಹೇಳಿ ಊರಿಡೀ ಹೇಳ್ದವ್ಳು ನಾನು. ಅದು ನೀರು ಅದೆ ಹೇಳಿದ್ರೆ ನೀರು ಅದೆ. ನಾ ಹಾಕ್ಲಿಲ್ಲ. ಮತ್ತೆ ಹಾಲು ಕರೆಯುದು ಯಾರು? ಸುಜಾತಾನೇ ಅಲ್ವಾ?" ಸೊಂಟದ ಸೆರಗು ಬಿಚ್ಚಿ ಮುಖ ಒರೆಸಿಕೊಂಡರು. "ಅತ್ತು ಅತ್ತು ಹೇಳ್ತು, ಇಲ್ಲ ಅತ್ತೆ ಹೇಳಿ. ಸಭೆ ಆದ ದಿನ ನಾನು ನಿಮ್ಮ ಕಾಗ್ದ ತಂದು ಅದ್ರ ಮೋರೆ ಎದ್ರಿಗೆ ಹಿಡ್ದೆ. ಯಾರಿಗೆ ಮಾರ್ತೆ ಉಳಿದ ಹಾಲ್ನ, ಕದ್ದು ತವರಿಗೆ ಕೊಡ್ತೆಯಾ ಹೇಳಿ ಕೇಳ್ದೆ. ಮರುದಿನ ಬೆಳಿಗ್ಗೆ ಬ್ಯಾಗ್ ಹಿಡ್ಕೊಂಡು ಹೋತು. ಈಗ ಒಂದೂವರೆ ತಿಂಗಳಾತು."

ಸುಬ್ರಾಯರಿಗೂ ಇದು ಗೊತ್ತಿರಲಿಲ್ಲ. ಸೊಸೆ ತವರಿಗೆ ಹೋಗಿದ್ದಾಳೆ ಎಂದಷ್ಟೇ ಊರು ತಿಳಿದಿತ್ತು.

ನಾನು ರಿಪೋರ್ಟ್ ಪುಸ್ತಕದ ಆ ಹಾಳೆಗೆ ಅಡ್ಡಗೆರೆ ಎಳೆದು ಹೊಸದಾಗಿ ಬರೆದೆ. ಜುಲೈಯ ಭೇಟಿಯಲ್ಲೇ ಕಿಲುಬು ಮತ್ತು ವಾಲಿದ ಪಿನ್ ನನ್ನ ಗಮನಕ್ಕೆ ಬಂದಿದ್ದವು, ವರದಿಯಲ್ಲಿ ದಾಖಲಿಸದೆ ತಾತ್ಕಾಲಿಕವಾಗಿ ಸರಿಪಡಿಸಿದ್ದೆ, ಆದ್ದರಿಂದ ಆ ಭೇಟಿಗೂ ಮುಂಚಿನಿಂದ ಇಂದಿನವರೆಗೆ ಬೆಳಗಿನ ಮೊದಲ ಇಪ್ಪತ್ತು ನಿಮಿಷದ ಪರೀಕ್ಷೆಗಳು ನಂಬಲರ್ಹವಲ್ಲ. ಒಂದು ಪ್ರತಿಯನ್ನು ಮಾದೇವಿಗೆ ಕೊಟ್ಟೆ. ಅವರು ಅದನ್ನು ಮಡಚಿ ಕೈಯಲ್ಲಿಟ್ಟುಕೊಂಡು ಹೇಳಿದರು. "ಕಾಗ್ದ ಸಾಕಾಗುದಿಲ್ಲ. ನೀವೇ ಬಂದು ಅದ್ರ ಎದ್ರಿಗೆ ಹೇಳ್ಬೇಕು."

ಸುಜಾತಾಳ ತವರು ಭಟ್ಕಳದ ಹತ್ತಿರ ಹೆಬಳೆ. ಆ ಭಾನುವಾರ ಹೊನ್ನಾವರದ ಸ್ಟ್ಯಾಂಡಿನಲ್ಲಿ ಮಾದೇವಿಯವರನ್ನು ಕಂಡು, ಇಬ್ಬರೂ ಬಸ್ಸಿನಲ್ಲಿ ಹೋದೆವು. ಒಂದು ತಾಸಿಗೂ ಮೇಲಿನ ದಾರಿ. ಅವರು ಕಿಟಕಿಯ ಬದಿ, ನಾನು ಎರಡು ಸೀಟು ಹಿಂದೆ. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದೆ. ಬೆಸುಗೆ, ಬಿರುಕು, ಉಷ್ಣಾಂಶ, ಇಪ್ಪತ್ತೆರಡು ನಿಮಿಷ. ಭಟ್ಕಳದಲ್ಲಿಳಿದು ರಿಕ್ಷಾ ಮಾಡಿಕೊಂಡು ಹೋಗುವಷ್ಟರಲ್ಲಿ ಅದೆಲ್ಲ ಯಾವುದಕ್ಕೂ ಬಾರದ ಮಾತು ಎನ್ನಿಸತೊಡಗಿತ್ತು.

ಸುಜಾತಾ ಜಗಲಿಯಲ್ಲಿ ಅಮ್ಮನ ಜೊತೆ ಮಲ್ಲಿಗೆ ಕಟ್ಟುತ್ತ ಕೂತಿದ್ದಳು. ಮಳೆಗಾಲದ ಕೊನೆ, ಮೊಗ್ಗು ಕಡಿಮೆ. ಒಂದು ಸಣ್ಣ ಬುಟ್ಟಿಯ ತಳ ಮುಚ್ಚುವಷ್ಟು. ಅತ್ತೆಯನ್ನು ನೋಡಿ ಎದ್ದು ನಿಂತಳು. ನನ್ನನ್ನು ನೋಡಿ ಗುರುತು ಹಿಡಿದು, ಮತ್ತೆ ಕೂತಳು. ಅವಳ ಅಮ್ಮ ನಮಗೆ ಚಾಪೆ ಹಾಸಿದರು. ನಾನು ಕೂರಲಿಲ್ಲ.

"ಜುಲೈಯಲ್ಲಿ ನೀವು ಕೇಳಿದ್ದಿರಿ, ಆ ಹಸಿರು ಎಂತದು ಎಂದು," ಎಂದೆ. "ಅದೇ ದೋಷ. ನನಗೆ ಗೊತ್ತಿತ್ತು. ಮತ್ತೆ ಬರಬೇಕಾಗುತ್ತದೆ ಎಂದು ನಾನು ಎಂತ ಇಲ್ಲ ಎಂದುಬಿಟ್ಟೆ. ನಿಮ್ಮ ಹಾಲಿನಲ್ಲಿ ಒಂದು ದಿನವೂ ನೀರಿರಲಿಲ್ಲ."

ಅವಳ ಬೆರಳು ದಾರದ ಮೇಲೆ ನಿಂತಿತು. "ನಂಗೆ ಗೊತ್ತದೆ," ಎಂದಳು. "ಹಾಲು ಕರೆದವಳು ನಾನು. ನೀರಿಲ್ಲ ಹೇಳುದು ನಂಗೆ ಗೊತ್ತಿರುದಿಲ್ವಾ? ನೀವು ಬಂದು ಹೇಳ್ಬೇಕಾ?"

ಮಾದೇವಿ ಮುಂದೆ ಬಂದು ಅವಳ ಪಕ್ಕದಲ್ಲಿ ಕೂತು ಕೈ ಹಿಡಿದರು. "ತಪ್ಪಾತು ಮಗಾ. ಮನೆಗೆ ಬಾ. ಆ ಕಾಗ್ದ ನಂಬಿ ನಾ ಹಂಗೆ ಮಾತಾಡ್ದೆ."

ಸುಜಾತಾ ಕೈ ಬಿಡಿಸಿಕೊಳ್ಳಲಿಲ್ಲ. ದನಿಯನ್ನೂ ಏರಿಸಲಿಲ್ಲ. "ಅತ್ತೆ, ಇವ್ರು ಒಂದು ತಾಸು ಮಿಷನ್ ನೋಡಿ ಬರೆದು ಹೋದ್ರು. ನೀವು ನನ್ನ ನಾಲ್ಕು ವರ್ಷ ನೋಡಿದ್ರಿ."

ಮಾದೇವಿ ತಲೆ ಎತ್ತಲಿಲ್ಲ. ನಾನು ಅಂಗಳದ ತುದಿಗೆ ಹೋಗಿ ನಿಂತೆ. ಯಂತ್ರದ ತಪ್ಪನ್ನು ಇವರ ಮನೆಯೊಳಕ್ಕೆ ತಂದು ಹಾಕಿದವನು ನಾನು. ಆದರೆ ಅಲ್ಲಿ ಈಗ ನಡೆಯುತ್ತಿದ್ದುದರಲ್ಲಿ ನನಗೆ ಪಾಲಿರಲಿಲ್ಲ, ಸರಿಪಡಿಸುವ ಕೈಯೂ ಇರಲಿಲ್ಲ. ಅವಳ ಅಮ್ಮ ತಂದುಕೊಟ್ಟ ಚಹಾ ಕುಡಿದೆ. ನಾವಿಬ್ಬರೂ ಹೇಗೆ ಹೋಗಿದ್ದೆವೋ ಹಾಗೇ ಇಬ್ಬರೇ ವಾಪಸು ಬಂದೆವು.

ನಂತರದ್ದನ್ನು ಚುಟುಕಾಗಿ ಹೇಳುತ್ತೇನೆ. ಕಮಿಟಿಯ ಮುಂದಿನ ಸಭೆಗೆ ನಾನೇ ಕೇಳಿಕೊಂಡು ಹೋದೆ. ಜುಲೈಯ ರಿಪೋರ್ಟನ್ನು ಓದಿದಲ್ಲೇ ಹೊಸ ರಿಪೋರ್ಟನ್ನೂ ಓದಬೇಕೆಂದೆ, ಸುಬ್ರಾಯ ಓದಿದರು. ಅಧ್ಯಕ್ಷರು ಎಲ್ಲರೆದುರು ಮಾದೇವಿಯ ಕ್ಷಮೆ ಕೇಳಿದರು. ನಮ್ಮ ಆಫೀಸಿಗೂ ಬರೆದೆ. ಎಚ್ಚರಿಕೆಯ ಪತ್ರ ಬಂತು. ಹೊನ್ನಾವರ ತಾಲ್ಲೂಕನ್ನು ಆರು ತಿಂಗಳು ಬೇರೆಯವರಿಗೆ ಕೊಟ್ಟರು. ಅದು ನ್ಯಾಯವೇ. ಆ ಆರು ತಿಂಗಳಲ್ಲಿ ನಾನು ಕುಮಟಾ ಮತ್ತು ಭಟ್ಕಳದ ಎಲ್ಲ ಡೇರಿಗಳಿಗೂ ನಸುಕಿನಲ್ಲಿ ಹೋಗಿ ಯಂತ್ರಗಳನ್ನು ತಣ್ಣಗಿರುವಾಗಲೇ ಪರೀಕ್ಷಿಸಿದೆ. ಎರಡು ಕಡೆ ಅದೇ ಕನೆಕ್ಟರಿನಲ್ಲಿ ಕಿಲುಬು ಸಿಕ್ಕಿತು. ಎರಡೂ ಕಡೆ ಬದಲಿಸಿ, ಬರೆದೆ. ಒಂದು ಊರಿನಲ್ಲಿ ಸೆಕ್ರೆಟರಿ, "ಇದಕ್ಕೆಲ್ಲ ರಿಪೋರ್ಟ್ ಎಂತಕ್ಕೆ?" ಎಂದು ನಕ್ಕರು. ಏಕೆಂದು ನಾನು ವಿವರಿಸಲಿಲ್ಲ.

ಸುಜಾತಾ ದೀಪಾವಳಿಗೆ ಗಂಡ ಬಂದು ಕರೆದಾಗ ವಾಪಸು ಹೋದಳು ಎಂದು ಸುಬ್ರಾಯ ಫೋನಿನಲ್ಲಿ ತಿಳಿಸಿದರು. ನನ್ನ ಮನಸ್ಸಿಗೆ ಎಷ್ಟೋ ಹಗುರಾಯಿತು. ಅಷ್ಟು ಹಗುರಾಗುವ ಹಕ್ಕು ನನಗಿಲ್ಲ ಎಂದು ಮರುವರ್ಷ ಗೊತ್ತಾಯಿತು.

ಆಗ ಹೊನ್ನಾವರ ಮತ್ತೆ ನನ್ನ ಪಾಲಿಗೆ ಬಂದಿತ್ತು. ಮಳೆಗಾಲ ಶುರುವಾದ ವಾರ ಬೆಳಿಗ್ಗೆ ಆರಕ್ಕೆ ಆ ಡೇರಿಗೆ ಹೋದೆ. ಸುಬ್ರಾಯ ಹೊಸ ಲ್ಯಾಕ್ಟೋಮೀಟರೊಂದನ್ನು ಗೋಡೆಗೆ ನೇತುಹಾಕಿದ್ದರು. ಮಾದೇವಿ ಕ್ಯಾನು ಹಿಡಿದು ಬಂದರು. ಅವರ ಬಲಗೈ ಬೆರಳುಗಳು ಗಂಟುಗಂಟಾಗಿ ಊದಿದ್ದವು, ಕ್ಯಾನನ್ನು ಎಡಗೈಯಲ್ಲಿ ಹಿಡಿದಿದ್ದರು. ಹಾಲು ಇಟ್ಟೆ. ಎಂಟು ಪಾಯಿಂಟ್ ಆರು. ಅವರು ಅಂಕಿಯನ್ನು ನೋಡಲಿಲ್ಲ.

"ಸುಜಾತಾ ಹೇಗಿದ್ದಾಳೆ?" ಎಂದು ಕೇಳಿದೆ.

"ಮನೇಲೇ ಅದೆ. ಚಂದ ಮಾತಾಡ್ತದೆ, ಎಲ್ಲಾ ಕೆಲಸ ಮಾಡ್ತದೆ." ಖಾಲಿ ಕ್ಯಾನಿನ ಮುಚ್ಚಳ ಹಾಕುತ್ತ ಹೇಳಿದರು. "ಕೊಟ್ಟಿಗೆಗೆ ಮಾತ್ರ ಕಾಲಿಡುದಿಲ್ಲ. ಹಾಲು ನಾನೇ ಕರೀತೆ."

ನನ್ನ ನೋಟ ಅವರ ಬೆರಳುಗಳ ಮೇಲಿತ್ತು. ಅವರಿಗೆ ಅದು ತಿಳಿಯಿತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಹೊರಟರು.

ಈಗ ನಾನು ತಿರುಗಾಟದ ಕೆಲಸ ಬಿಟ್ಟಿದ್ದೇನೆ. ವಾರಕ್ಕೆ ಎರಡು ದಿನ ಕುಮಟಾದಲ್ಲಿ, ಇದೇ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಪಾಠ ಹೇಳುತ್ತೇನೆ. ಯಂತ್ರವನ್ನು ಅದು ಕೆಟ್ಟ ಹೊತ್ತಿನಲ್ಲೇ ಹೋಗಿ ನೋಡಿ ಎನ್ನುತ್ತೇನೆ. ಮೊದಲು ಕೇಳಬೇಕಾದ್ದು ಯಾರು, ಯಾವಾಗ, ಎಷ್ಟನೆಯವರು ಎಂಬುದನ್ನು ಎನ್ನುತ್ತೇನೆ. ಬೆಸುಗೆ ಹಾಕುವುದನ್ನು ಅವರು ಬೇಗ ಕಲಿಯುತ್ತಾರೆ. ರಿಪೋರ್ಟಿನ ವಿಷಯ ಬಂದಾಗ ಎಲ್ಲರಿಗೂ ಆಕಳಿಕೆ. ನಾವು ಯಂತ್ರದ ಬಗ್ಗೆ ನಾಲ್ಕು ಸಾಲು ಬರೆದು ಊರು ಬಿಡುತ್ತೇವೆ. ಊರಿನಲ್ಲಿ ಉಳಿದವರು ಆ ನಾಲ್ಕು ಸಾಲನ್ನು ಒಬ್ಬರನ್ನೊಬ್ಬರು ನೋಡುತ್ತ ಓದುತ್ತಾರೆ. ಆದ್ದರಿಂದ ಕಂಡದ್ದನ್ನು ಕಂಡ ದಿನವೇ ಬರೆಯಬೇಕು, ಬಿಡಿಭಾಗ ಚೀಲದಲ್ಲಿ ಇರಲಿ ಇಲ್ಲದಿರಲಿ. ಇಷ್ಟು ಸಣ್ಣ ಪಾಠ ನನಗೆ ತಿಳಿದದ್ದು ಐವತ್ತೈದನೇ ವಯಸ್ಸಿನಲ್ಲಿ, ಬೇರೊಂದು ಮನೆಯವರು ಅದಕ್ಕೆ ಬೆಲೆ ತೆತ್ತ ಮೇಲೆ.